ನೆಟ್ಟಗೆ ನಡೆದದ್ದು

ಹುಣಸೂರು,
೯-೩-೧೯೫೫, ಬುಧವಾರ

ಪ್ರೀತಿಯ ರುದ್ರಣ್ಣನಿಗೆ ನಿನ್ನ ತಂಗಿ ನೀಲಾಂಬಿಕೆಯ ಶರಣು.

ನಿನ್ನ ಕೆಮ್ಮು ಹೇಗಿದೆ? ಭದ್ರಾವತಿಯ ಕಾರ್ಖಾನೆಯ ಹೊಗೆ ಒಗ್ಗಿತೋ ಇಲ್ಲವೋ? ಹೋಟೆಲಿನ ಊಟ ಬಿಟ್ಟು ರೂಮಿನಲ್ಲೇ ಬೇಯಿಸಿಕೊಳ್ಳುತ್ತೇನೆ ಅಂತ ಕಳೆದ ಸಲ ಬರೆದಿದ್ದೆ. ಅವ್ವ ಅದನ್ನು ಓದಿಸಿ ಕೇಳಿದ ದಿನದಿಂದ ಒಲೆ ಮುಂದೆ ಕೂತಾಗಲೆಲ್ಲ ನಿನ್ನ ಅನ್ನ ಸೀದಿರುತ್ತದೆ ಅಂತ ಕೊರಗುತ್ತಾಳೆ. ಹುರಳಿಕಾಳಿನ ಚಟ್ನಿಪುಡಿ ಮಾಡಿಟ್ಟಿದ್ದಾಳೆ, ಆ ಕಡೆ ಹೋಗುವವರು ಸಿಕ್ಕರೆ ಕಳಿಸುತ್ತಾಳಂತೆ. ರಾತ್ರಿ ಪಾಳಿ ಮುಗಿಸಿ ಬಂದು ತಣ್ಣೀರು ಹುಯ್ದುಕೊಳ್ಳಬೇಡ, ಅದಕ್ಕೇ ನಿನಗೆ ಎದೆ ಕಟ್ಟುವುದು. ಇಲ್ಲಿ ಎಲ್ಲರೂ ಕ್ಷೇಮ ಅಂತ ಬರೆಯಬೇಕು. ಬರೆದೆ ಅಂದುಕೋ.

ಅಪ್ಪನ ಕಾಗದ ನಿನಗೆ ತಲುಪಿರಬೇಕು. ಪಿರಿಯಾಪಟ್ಟಣದವರು ಬಂದು ಹುಡುಗಿಯನ್ನು ನೋಡಿಕೊಂಡು ಹೋದರು, ಒಪ್ಪಿದ್ದಾರೆ, ಎಲ್ಲಾ ಶಿವನ ದಯೆ ಅಂತ ಬರೆದಿದ್ದಾರೆ. ಅದರಲ್ಲಿ ಸುಳ್ಳೇನೂ ಇಲ್ಲ, ಆದರೆ ಬಿಟ್ಟದ್ದು ಬಹಳ ಇದೆ. ನೋಡಲು ಬರುವ ಭಾನುವಾರಕ್ಕೆ ಮೊದಲು ಅವ್ವನಿಗೆ ಹಿತ್ತಾಳೆ ಸಾಮಾನೆಲ್ಲ ಬೆಳಗಿಸಬೇಕು ಅನ್ನಿಸಿತು. ಅಟ್ಟದ ಮೇಲಿನ ದೊಡ್ಡ ಕೊಳಗ ಯಾರು ನೋಡುತ್ತಾರೆ ಅಂತ ನಾನು ಕೇಳಿದ್ದಕ್ಕೆ, ಹೆಣ್ಣು ನೋಡಲು ಬಂದವರು ಹೆಣ್ಣನ್ನು ಬಿಟ್ಟು ಮಿಕ್ಕಿದ್ದನ್ನೇ ನೋಡುವುದು ಅಂದಳು. ಸರಿ, ಏಣಿ ಹತ್ತಿದೆ. ಕೊಳಗ ಹೊತ್ತು ಇಳಿಯುವಾಗ ಇನ್ನೊಂದು ಮೆಟ್ಟಿಲು ಇದೆ ಅಂದುಕೊಂಡು ಕಾಲಿಟ್ಟೆ. ಇರಲಿಲ್ಲ. ಬಲಗಾಲು ಒಳಕ್ಕೆ ಮಡಚಿ ಬಿದ್ದೆ. ಕೊಳಗಕ್ಕೆ ಒಂದು ತಗ್ಗು ಬಿತ್ತು, ಅವ್ವ ಮೊದಲು ಅದನ್ನೇ ಎತ್ತಿ ನೋಡಿದಳು. ಅಷ್ಟರಲ್ಲಿ ನನ್ನ ಕಾಲಿನ ಹರಡು ಸೋರೆಬುರುಡೆಯ ಹಾಗೆ ಊದಿಕೊಂಡಿತ್ತು.

ಬಿಳಿಕೆರೆಯ ಚಿಕ್ಕಮಾದಯ್ಯನನ್ನು ಕರೆಸಿದ್ದರೆ ಅವತ್ತೇ ನೀವಿ ಕಟ್ಟು ಕಟ್ಟಿ ಹೋಗುತ್ತಿದ್ದ. ಕರೆಸಲಿಲ್ಲ. ಮೂಳೆ ಕೂರಿಸುವವನು ಮದುವೆಗೆ ಬಂದ ಹುಡುಗಿಯ ಮನೆಗೆ ಬಂದ ಅಂದರೆ ಬಸ್ ಸ್ಟ್ಯಾಂಡಿನವರೆಗೂ ಸುದ್ದಿ, ಅಲ್ಲಿಂದ ಪಿರಿಯಾಪಟ್ಟಣಕ್ಕೆ ಟಿಕೇಟಿಲ್ಲದೆ ಹೋಗುತ್ತದೆ ಅಂದರು ಅಪ್ಪ. ಆಸ್ಪತ್ರೆಗಾದರೂ ಹೋಗೋಣವೆಂದರೆ ಕಾಂಪೌಂಡರ್ ಗಂಡಿನ ಕಡೆಯವರಿಗೆ ದೂರದ ನೆಂಟರಂತೆ. ದಿನವನ್ನಾದರೂ ಮುಂದಕ್ಕೆ ಹಾಕಿ ಅಂದೆ. ಗೊತ್ತುಮಾಡಿದ ದಿನವನ್ನು ಹೆಣ್ಣಿನ ಕಡೆಯವರು ಮುಂದಕ್ಕೆ ಹಾಕಿದರೆ ಏನೋ ಐಬು ಇದೆ ಅನ್ನುತ್ತಾರಂತೆ. ಅಪ್ಪ ಮಂಡಿಯಲ್ಲಿ ಹೊಗೆಸೊಪ್ಪಿನ ಕಟ್ಟು ಬಿಚ್ಚಿ ಒಳಗಿನ ಎಲೆ ತೋರಿಸಿ ವ್ಯಾಪಾರ ಮಾಡುವವರು. ಮಗಳ ವಿಷಯಕ್ಕೆ ಬಂದಾಗ ಮಾತ್ರ ಕಟ್ಟಿದ ಕಟ್ಟನ್ನೇ ದಾಟಿಸಬೇಕು ಅನ್ನಿಸಿಬಿಟ್ಟಿತು. ಅಂತೂ ನನ್ನ ಕಾಲಿಗೆ ನಾನೇ ವೈದ್ಯಳಾದೆ.

ಹೈಸ್ಕೂಲಿನಲ್ಲಿ ನಾನು ಗೈಡ್ಸ್ ಸೇರಿದಾಗ ಸೀಟಿ ಊದುವುದಕ್ಕೆ ಹೋಗುತ್ತಾಳೆ ಅಂತ ನೀನು ಆಡಿಕೊಳ್ಳುತ್ತಿದ್ದೆ. ಅಲ್ಲಿ ನಮ್ಮ ಮಿಸ್ಸು ಉಳುಕಿದ ಕಾಲಿಗೆ ಪಟ್ಟಿ ಹಾಕುವುದನ್ನು ಬೆಂಚಿನ ಕಾಲಿಗೆ ಹಾಕಿ ತೋರಿಸಿದ್ದರು. ಬೆಂಚಿನ ಕಾಲಿಗೆ ಹಿಮ್ಮಡಿಯೂ ಇಲ್ಲ, ನೋವೂ ಇಲ್ಲ. ಮೊದಲು ಅಪ್ಪನ ಹಳೇ ರುಮಾಲು ಹರಿದು ಸುತ್ತಿದೆ. ಕೂತಿರುವಾಗ ಗಟ್ಟಿಯಾಗಿಯೇ ಇತ್ತು, ಅಡುಗೆಮನೆಯಿಂದ ಹಜಾರಕ್ಕೆ ಬರುವಷ್ಟರಲ್ಲಿ ಬಿಚ್ಚಿಕೊಂಡು ಹಿಂದೆ ಬಾಲವಾಯಿತು. ಆಗ ನೆನಪಾಯಿತು, ನೀನು ಕಾಲೇಜಿನಲ್ಲಿ ಫುಟ್‌ಬಾಲ್ ಆಡುವಾಗ ತಂದಿಟ್ಟ ಅಂಟುಪಟ್ಟಿಯ ಸುರುಳಿ. ನಿನ್ನ ಟ್ರಂಕಿನ ಬೀಗ ಒಡೆದಿದ್ದೇನೆ, ಬೈಯಬೇಡ. ಸುರುಳಿ ಹಳದಿ ತಿರುಗಿತ್ತು, ಆದರೂ ಅಂಟು ಸತ್ತಿರಲಿಲ್ಲ.

ಅದನ್ನು ಹಾಕಿಕೊಳ್ಳುವುದಿದೆಯಲ್ಲ ಅಣ್ಣಾ, ಅದು ಒಬ್ಬರು ಮಾಡುವ ಕೆಲಸವೇ ಅಲ್ಲ. ಪಾದವನ್ನು ಬೆರಳು ಮೇಲೆ ಮಾಡಿ ನೆಟ್ಟಗೆ ನಿಲ್ಲಿಸಿಕೊಂಡೇ ಅಂಟಿಸಬೇಕು, ಇಲ್ಲದಿದ್ದರೆ ನಿಂತಾಗ ಪಟ್ಟಿ ಕೊರೆಯುತ್ತದೆ. ಬಾಗಿದರೆ ಪಾದ ಜೋತುಬೀಳುತ್ತದೆ, ಪಾದ ಹಿಡಿದರೆ ಪಟ್ಟಿ ಎಳೆಯಲು ಕೈಯಿಲ್ಲ, ಪಟ್ಟಿ ಎಳೆದರೆ ಕತ್ತರಿಸಲು ಕೈಯಿಲ್ಲ. ಮೊದಲನೆಯದು ಸುಕ್ಕಾಯಿತು, ಎರಡನೆಯದು ತನಗೆ ತಾನೇ ಅಂಟಿಕೊಂಡು ಉಂಡೆಯಾಯಿತು. ಸಿಟ್ಟಿಗೆ ಸುರುಳಿಯನ್ನು ಗೋಡೆಗೆ ಎಸೆದೆ, ಆಮೇಲೆ ಅದನ್ನು ತರಲು ತೆವಳಿಕೊಂಡು ಹೋದದ್ದೂ ನಾನೇ. ಕೊನೆಗೆ ರುಮಾಲಿನ ಚೂರನ್ನು ಪಾದದ ಮುಂಭಾಗಕ್ಕೆ ಕೊಟ್ಟು ಎರಡು ತುದಿಯನ್ನೂ ಹಲ್ಲಿನಲ್ಲಿ ಕಚ್ಚಿ ಎಳೆದು ಹಿಡಿದೆ. ಹರಡಿನ ಮೇಲಕ್ಕೆ ಒಂದು ಪಟ್ಟಿ. ಅದಕ್ಕೆ ಸೇರಿಸಿ ಒಳಮಗ್ಗುಲಿಂದ ಹಿಮ್ಮಡಿಯ ಕೆಳಗೆ ಹಾಯಿಸಿ ಹೊರಮಗ್ಗುಲಿಗೆ ಬಿಗಿಯಾಗಿ ಎಳೆದು ಇನ್ನೊಂದು, ಅದರ ಅರ್ಧ ಮುಚ್ಚುವ ಹಾಗೆ ಮತ್ತೊಂದು. ಆಮೇಲೆ ಪಾದದ ಮೇಲಿಂದ ಅಡ್ಡಡ್ಡ ಇಂಗ್ಲಿಷ್ ಎಂಟಿನ ಹಾಗೆ. ಹಲ್ಲಿನಲ್ಲಿ ಬಟ್ಟೆ ಕಚ್ಚಿಕೊಂಡಿರುವಾಗ ಅಪ್ಪ ಬಾಗಿಲಲ್ಲಿ ನಿಂತು, ಭಾನುವಾರಕ್ಕೆ ಆಗುತ್ತದೇನವ್ವಾ ಅಂತ ಕೇಳಿದರು. ಉತ್ತರ ಕೊಡಲಾಗಲಿಲ್ಲ, ಒಳ್ಳೆಯದೇ ಆಯಿತು.

ಉಗುರು ಒತ್ತಿ ಬಿಟ್ಟರೆ ಕೆಂಪು ತಿರುಗಿ ಬರಬೇಕು ಅಂತ ಮಿಸ್ಸು ಹೇಳಿದ್ದರು. ಬರಲಿಲ್ಲ, ಬೆರಳು ಬದನೆಕಾಯಿ ಬಣ್ಣವಾಯಿತು. ಕಿತ್ತೆ. ಕಿತ್ತಾಗ ಬಂದ ಕೂದಲು ಚರ್ಮದ ಮಾತು ಬೇಡ. ಮಾರನೆಯ ದಿನ ಎರಡನೇ ಸಲ ಚೆನ್ನಾಗಿಯೇ ಕೂತಿತು, ನೆಲಕ್ಕೆ ಹೆಜ್ಜೆ ಊರಿದರೆ ತಡೆಯುವಷ್ಟಾಯಿತು. ಸದ್ಯ ಅಂತ ಅದನ್ನು ಬಿಚ್ಚಿ ಕಾಲಿಗೆ ಸ್ವಲ್ಪ ಗಾಳಿಯಾಡಲಿ ಅಂತ ಮಧ್ಯಾಹ್ನ ಮಲಗಿದ್ದೆ. ಎದ್ದು ನೋಡಿದರೆ ಮೊಣಕಾಲಿನವರೆಗೂ ಬಿಸಿ ಹರಳೆಣ್ಣೆ, ಮೇಲೆ ಎಕ್ಕದ ಎಲೆ. ಅಜ್ಜಿ ಹೇಳಿದ್ದಂತೆ, ಅವ್ವ ಮಾಡಿದ್ದಂತೆ. ಎಣ್ಣೆ ಕಾಲಿಗೆ ಅಂಟುಪಟ್ಟಿ ಹೇಗೆ ನಿಲ್ಲಬೇಕು? ಸೀಗೆಪುಡಿ ಹಾಕಿ ತೊಳೆದೆ, ಕಡಲೆಹಿಟ್ಟು ಹಾಕಿ ತೊಳೆದೆ. ಉಜ್ಜಿದಾಗಲೆಲ್ಲ ನೋವು ತಲೆಗೆ ಹೋಗುತ್ತಿತ್ತು. ಅಂತೂ ಮೂರನೇ ಸಲ ಹಾಕಿದ ಪಟ್ಟಿ ನಿಂತಿತು. ಈ ಮನೆಯಲ್ಲಿ ಯಾರೂ ನನಗೆ ಕೆಟ್ಟದ್ದು ಬಯಸುವವರಲ್ಲ, ಅದೇ ನನಗೆ ಅಳು ಬರಿಸಿದ್ದು. ಕೆಟ್ಟದ್ದು ಬಯಸಿದ್ದರೆ ಬಾಯಿ ಬಿಟ್ಟು ಜಗಳವಾಡಬಹುದಿತ್ತು.

ಇಷ್ಟೆಲ್ಲ ಯಾಕೆ ಪಟ್ಟೆ ಅಂತ ನೀನು ಕೇಳಬಹುದು. ಕುಂಟಿಕೊಂಡು ಹೋಗಿ ನಿಂತು ಈ ಗಂಡು ತಪ್ಪಿದರೆ ಇನ್ನೊಬ್ಬ ಅಂತ ಇರಬಹುದಿತ್ತಲ್ಲ. ನಿನಗೆ ಮಾತ್ರ ಹೇಳುತ್ತೇನೆ, ನಗಬೇಡ. ಈ ಗಂಡು ತಪ್ಪಬಾರದು ಅಂತ ನನಗೇ ಇತ್ತು. ಹೋದ ವರ್ಷ ಪಿರಿಯಾಪಟ್ಟಣದಲ್ಲಿ ಚಿಕ್ಕಪ್ಪನ ಮಗಳ ಮದುವೆಗೆ ಹೋಗಿದ್ದೆವಲ್ಲ, ಹೆಂಗಸರ ಪಂಕ್ತಿಗೆ ಬಡಿಸುವವರೇ ಇರಲಿಲ್ಲ. ಗಂಡಸರೆಲ್ಲ ಉಂಡು ಎಲೆಯಡಿಕೆ ಹಾಕುತ್ತಿದ್ದರು. ಅಲ್ಲಿಯ ಹೈಸ್ಕೂಲ್ ಮೇಷ್ಟರು ಒಬ್ಬರು ಕೋಟು ತೆಗೆದು ಕಂಬಕ್ಕೆ ಸಿಕ್ಕಿಸಿ ಸಾರಿನ ಬಕೆಟ್ ಹಿಡಿದು ಬಂದರು. ಮುದುಕಿಯರ ಎಲೆ ಮುಂದೆ ಬಗ್ಗಿ ಕೇಳಿ ಕೇಳಿ ಬಡಿಸಿದರು. ಅವರೇ ವೀರಭದ್ರಸ್ವಾಮಿ. ಆರು ತಿಂಗಳ ಮೇಲೆ ಅಪ್ಪ ಅದೇ ಹೆಸರು ಹೇಳಿದಾಗ ನಾನು ಕೊಟ್ಟಿಗೆಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ. ಅದಕ್ಕೇ ಅಣ್ಣಾ, ಹಲ್ಲಲ್ಲಿ ಬಟ್ಟೆ ಕಚ್ಚಿದ್ದು.

ಭಾನುವಾರ ಬಂದರು. ಮೇಷ್ಟರು, ಅವರ ತಾಯಿ ವೀರಮ್ಮನವರು, ಸೋದರಮಾವ. ತಂದೆ ಇಲ್ಲ, ಮನೆ ನಡೆಸುವವರು ತಾಯಿಯೇ. ನಮ್ಮ ಕಡೆ ಹುಡುಗಿಯನ್ನು ನಡೆಸಿ ನೋಡುವುದು ನಿನಗೆ ಗೊತ್ತೇ ಇದೆ. ಎದ್ದು ನಡಿ ಅಂತ ಯಾರೂ ಅನ್ನುವುದಿಲ್ಲ, ಏನಾದರೂ ತರಲು ಹೇಳಿ ಹೆಜ್ಜೆ ನೋಡುತ್ತಾರೆ. ಪಟ್ಟಿಯ ಮೇಲೆ ಕಾಲುಚೈನು ಹಿಡಿಸಲಿಲ್ಲ ಅಂತ ಅವ್ವ ಸೀರೆಯನ್ನು ನೆಲ ಗುಡಿಸುವ ಹಾಗೆ ಇಳಿಬಿಟ್ಟು ಉಡಿಸಿದ್ದಳು. ವೀರಮ್ಮನವರು ಬಿಸಿಲಲ್ಲಿ ಬಂದೆವು, ಕುಡಿಯಲು ನೀರು ಕೊಡವ್ವಾ ಅಂದರು. ತಂದುಕೊಟ್ಟೆ. ಕುಂಟಲಿಲ್ಲ. ಇಷ್ಟಕ್ಕೆ ಮುಗಿಯಿತು ಅಂದುಕೊಂಡರೆ, ಎಲೆಯಡಿಕೆ ತಟ್ಟೆ ತರುತ್ತೀಯಾ ಅಂದರು. ತಂದೆ. ಬಗ್ಗಿ ಎಲ್ಲರಿಗೂ ಶರಣು ಮಾಡಿ ಏಳುವಾಗ ಹರಡಿನಲ್ಲಿ ಏನೋ ಕಳಚಿದ ಹಾಗಾಯಿತು. ಮೇಷ್ಟರು ಒಂದು ಸಲ ನನ್ನ ಸೀರೆಯ ಅಂಚಿನ ಕಡೆ ನೋಡಿ ತಲೆ ತಗ್ಗಿಸಿದರು, ಸಂಕೋಚದವರು ಅಂದುಕೊಂಡೆ. ಆಗ ವೀರಮ್ಮನವರು, ದೇವರ ಮನೆಯಲ್ಲಿ ಒಂದು ಊದುಬತ್ತಿ ಹಚ್ಚಿಟ್ಟು ಬಾರವ್ವಾ ಅಂದರು. ದೇವರ ಮನೆ ಎಲ್ಲಿದೆ, ನಿನಗೆ ಗೊತ್ತು. ಹಜಾರ ದಾಟಿ, ಎರಡು ಹೊಸಿಲು ದಾಟಿ. ಹೋದೆ, ಹಚ್ಚಿದೆ, ಕಣ್ಣೊರೆಸಿಕೊಂಡೆ, ನೆಟ್ಟಗೆ ತಿರುಗಿ ಬಂದೆ. ಅವರು ಸಕ್ಕರೆ ಬಾಯಿಗೆ ಹಾಕಿಕೊಂಡು ಒಪ್ಪಿಗೆ ಅಂದರು. ಅಪ್ಪನ ಮುಖ ನೋಡಬೇಕಿತ್ತು ನೀನು.

ಅವರು ಬಸ್ಸು ಹತ್ತಿದ ಮೇಲೆ ನನಗೆ ಗೋಡೆ ಹಿಡಿಯದೆ ನಿಲ್ಲಲಾಗಲಿಲ್ಲ. ಮೂರು ದಿನ ಸುಮ್ಮನೆ ಕೂತಿದ್ದರೆ ಇಳಿಯುತ್ತಿದ್ದ ಊತ ಈಗ ಹತ್ತು ದಿನವಾದರೂ ಇಳಿದಿಲ್ಲ. ಆವತ್ತು ನಾಟಕಕ್ಕೆ ಕುಂಟದೆ ನಡೆದೆ, ಈಗ ನಿಜವಾಗಿ ಕುಂಟುತ್ತಿದ್ದೇನೆ. ಇನ್ನೂ ಚಿಕ್ಕಮಾದಯ್ಯನನ್ನು ಕರೆಸಿಲ್ಲ, ಈಗ ಒಪ್ಪಿಗೆಯಾಗಿದೆ, ಈಗಂತೂ ಗೊತ್ತಾಗಲೇಬಾರದಂತೆ. ನಾಡಿದ್ದು ಶುಕ್ರವಾರ ಅವರು ವೀಳ್ಯಶಾಸ್ತ್ರಕ್ಕೆ ಬರಬೇಕಿತ್ತು. ಅಪ್ಪ ಏನು ಮಾಡಿದರು ಗೊತ್ತಾ? ನಮ್ಮ ತಾಯಿಗೆ ಮೈ ಸರಿಯಿಲ್ಲ, ಹಾಸಿಗೆ ಹಿಡಿದಿದ್ದಾಳೆ, ಸ್ವಲ್ಪ ದಿನ ತಡೆಯಿರಿ ಅಂತ ಬಸ್ಸಿನ ಕಂಡಕ್ಟರ್ ಕೈಲಿ ಹೇಳಿ ಕಳಿಸಿದ್ದಾರೆ. ಅಜ್ಜಿ! ಬೆಳಿಗ್ಗೆ ಎರಡು ರಾಗಿ ರೊಟ್ಟಿ ತಿಂದು ಸೊಪ್ಪು ಮಾರುವವಳ ಹತ್ತಿರ ಬೀದಿಗೆ ಕೇಳುವ ಹಾಗೆ ಜಗಳವಾಡಿದವಳು. ಅವಳಿಗೆ ತಾನು ಹಾಸಿಗೆ ಹಿಡಿದಿರುವ ವಿಷಯವನ್ನು ಯಾರೂ ಹೇಳಿಲ್ಲ, ಹೇಳಿದರೆ ಅಪ್ಪನ ಗತಿ ನಿನಗೇ ಗೊತ್ತು.

ನನಗೆ ನಿದ್ದೆ ಬರುತ್ತಿಲ್ಲ ಅಣ್ಣಾ. ಕಾಲಿನ ನೋವಿಗಲ್ಲ. ಉಳುಕಿದೆ ಅಂತ ಮೊದಲೇ ಒಂದು ಮಾತು ಹೇಳಿದ್ದರೆ ಮುಗಿದು ಹೋಗುತ್ತಿತ್ತು. ಈಗ ಗೊತ್ತಾದರೆ ಕುಂಟಿಯನ್ನು ಮುಚ್ಚಿಟ್ಟು ಕೊಡಲು ಹೋದರು ಅಂತಲೇ ಅನ್ನುತ್ತಾರೆ, ವೀಳ್ಯ ಮುರಿದರೆ ಆ ಹೆಸರು ಮಾತ್ರ ನನಗೆ ಉಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಬಗ್ಗಿ ಬಗ್ಗಿ ಮುದುಕಿಯರಿಗೆ ಬಡಿಸಿದವರು ನನ್ನನ್ನು ಮೋಸಗಾತಿ ಅಂದುಕೊಳ್ಳುವುದು ನನ್ನಿಂದ ಆಗುವುದಿಲ್ಲ. ಅಪ್ಪ ನನ್ನ ಮಾತು ಕೇಳುವುದಿಲ್ಲ, ನಿನ್ನದನ್ನು ಕೇಳುತ್ತಾರೆ. ಉಳುಕಿದ್ದನ್ನು ಅವರಿಗೆ ತಿಳಿಸಿಬಿಡಿ ಅಂತ ನೀನು ಒಂದು ಕಾಗದ ಬರೆ. ರಜೆ ಸಿಕ್ಕಿದರೆ ಬಂದೇ ಹೇಳು.

ಅವ್ವ ಆಶೀರ್ವಾದ ತಿಳಿಸಲು ಹೇಳಿದ್ದಾಳೆ, ಶನಿವಾರ ತಪ್ಪದೆ ಎಣ್ಣೆ ಹಚ್ಚಿಕೊಳ್ಳಬೇಕಂತೆ. ನನ್ನ ಕಾಲಿಗೆ ಹಚ್ಚಿದ ಮೇಲೂ ಇನ್ನೂ ಮಿಕ್ಕಿದೆ ಅಂತ ಕಾಣುತ್ತದೆ. ಅಜ್ಜಿಯ ಹಾರೈಕೆ ಇದ್ದೇ ಇದೆ, ಪಾಪ, ಹಾಸಿಗೆಯಿಂದಲೇ. ನಿನ್ನ ಜೊತೆಯ ರೂಮಿನವರಿಗೆ ನನ್ನ ಶರಣು ಹೇಳು.

ಇಂತಿ ನಿನ್ನ ತಂಗಿ,
ನೀಲಾ

ಮರೆತದ್ದಲ್ಲ, ಇವತ್ತು ಆದದ್ದು. ಗುರುವಾರ, ಮಧ್ಯಾಹ್ನ. ಇದನ್ನು ಟಪಾಲಿಗೆ ಹಾಕುವವರು ಯಾರೂ ಸಿಗದೆ ಹೀಗೇ ಇತ್ತು, ಅಷ್ಟರಲ್ಲಿ ವೀರಮ್ಮನವರು ಬಂದುಬಿಟ್ಟರು. ಬೀಗರಾಗುವ ಮನೆಯ ಮುದುಕಿ ಹಾಸಿಗೆ ಹಿಡಿದಿದ್ದಾಳೆ ಅಂದರೆ ಬಂದು ನೋಡದೆ ಇರುತ್ತಾರೆಯೇ? ಒಂದು ಚೀಲ ಕಿತ್ತಲೆಹಣ್ಣು ತೆಗೆದುಕೊಂಡು ಒಬ್ಬರೇ ಬಸ್ಸಿನಲ್ಲಿ ಬಂದರು. ಅಜ್ಜಿ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಮೈ ಹೆಂಗದೆ ಅಂತ ಇವರು ಕೇಳಿದ್ದಕ್ಕೆ, "ನಂಗೇನಾಗದೆ, ನಾನು ಗುಂಡ್‌ಕಲ್ಲಂಗಿವ್ನಿ. ನಮ್ ನೀಲನ್ ಕಾಲೇ ಉಳುಕೋಗದೆ, ಅದ್ಕೇ ನೀವ್ ತಂದ ಹಣ್ಣು ಅವಳ್ಗೇ ಕೊಡಿ" ಅಂದಳು. ಅವ್ವ ಬಾಗಿಲಲ್ಲೇ ಕಲ್ಲಾದಳು. ನಾನು ಒಳಗೆ ಪಟ್ಟಿ ಬಿಚ್ಚಿ ಕೂತಿದ್ದೆ.

ವೀರಮ್ಮನವರು ಕೋಪಿಸಿಕೊಳ್ಳಲಿಲ್ಲ. ಒಳಗೆ ಬಂದು ನನ್ನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡಿ ನಕ್ಕರು. "ಏನೂ ಆಗ್ದೆ ಇರೋ ಹುಡುಗಿ ಅಷ್ಟು ನೆಟ್ಟಗೆ ನಡಿಯಾಕಿಲ್ಲ ಕಣವ್ವ. ನೀರು ತಂದಾಗ್ಲೇ ಗೊತ್ತಾಯ್ತು ಬುಡು" ಅಂದರು. ಅವ್ವನಿಗೆ ಹೋದ ಉಸಿರು ಬಂತು. ನನಗೆ ಬರಲಿಲ್ಲ. ಗೊತ್ತಿದ್ದೂ ಆಮೇಲೆ ಎರಡು ಸಲ ಯಾಕೆ ನಡೆಸಿದಿರಿ ಅಂತ ಕೇಳಿದೆ. ಅವರು ಬಹಳ ಪ್ರೀತಿಯಿಂದಲೇ ಹೇಳಿದರು, "ತಡ್ಕತೀಯಾ ಇಲ್ವಾ ಅಂತ ನೋಡ್ದೆ. ತಡ್ಕಂಡೆ. ನಮ್ಮನೆಗೆ ಅಂತೋಳೇ ಬೇಕು." ಮೇಷ್ಟರಿಗೂ ಗೊತ್ತಿತ್ತೇ ಅಂದೆ. ಅವನೂ ನೋಡಿದ, ಆದರೆ ನನ್ನ ಮಾತಿಗೆ ಎದುರಾಡುವವನಲ್ಲ, ಬಂಗಾರದಂಥ ಮಗ ಅಂದರು.

ಮನೆಯಲ್ಲಿ ಈಗ ಹಬ್ಬ. ಅಪ್ಪ ಮಂಡಿಯಿಂದ ಓಡಿಬಂದರು, ಚಿಕ್ಕಮಾದಯ್ಯನನ್ನು ಕರೆತರಲು ಆಳು ಹೋಗಿದ್ದಾನೆ, ವೀಳ್ಯಕ್ಕೆ ಹೊಸ ದಿನ ಕೇಳಲು ಅಪ್ಪನೇ ಅಯ್ಯನವರ ಮನೆಗೆ ಹೋದರು. ಮೇಲೆ ಬರೆದದ್ದನ್ನೆಲ್ಲ ಬಿಟ್ಟುಬಿಡು, ಅಪ್ಪನಿಗೆ ಕಾಗದ ಬರೆಯುವುದೂ ಬೇಡ. ಊದುಬತ್ತಿ ಹಚ್ಚಲು ನಾನು ಎದ್ದಾಗ ಇರಲಿ ಕೂತುಕೊಳ್ಳಲಿ ಅಂತ ಒಂದು ಮಾತು ಮೇಷ್ಟರ ಬಾಯಿಂದ ಬಂದಿದ್ದರೆ ಕುಂಟಿಕೊಂಡೇ ಆ ಮನೆಗೆ ಹೋಗುತ್ತಿದ್ದೆ. ಬರಲಿಲ್ಲ. ಈಗ ನಾನು ಹೋಗುವುದಿಲ್ಲ. ಇದನ್ನು ಇನ್ನೂ ಯಾರಿಗೂ ಹೇಳಿಲ್ಲ, ಹೇಳುವಾಗ ನನ್ನ ಪಕ್ಕ ಒಬ್ಬರಾದರೂ ನಿಂತಿರಬೇಕು. ರಜೆ ಕೊಡದಿದ್ದರೂ ಬಾ.